ಮೇಷ್ಟ್ರು ಮಲಗುವ ಹೊತ್ತು

ಧಾರವಾಡ
10 ಜೂನ್ 2002

ಪೂಜ್ಯ ಗಂಗಾಧರಯ್ಯ ಮೇಷ್ಟ್ರಿಗೆ ಶಿವರಂಜಿನಿಯ ನಮಸ್ಕಾರಗಳು.

ಹದಿನಾರು ವರ್ಷದ ಹಿಂದೆ ಚಾಮರಾಜಪೇಟೆಯ ನಿಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಿಟಕಿ ಪಕ್ಕದ ಮಷೀನಿಗೆ ಕೂರುತ್ತಿದ್ದ ಹುಡುಗಿ ನಾನು. ಬೆಲ್ಲದ ಮಂಡಿಯವರ ಎರಡನೇ ಮಗಳು. ಟೈಪಿಂಗಿನ ಲೋಯರ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ನೀವು ನನ್ನ ಹೆಸರನ್ನು ಬೋರ್ಡಿನ ಮೇಲೆ ಬರೆದು ಒಂದು ವಾರ ಅಳಿಸಿರಲಿಲ್ಲ.

ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಒಂದು ಟ್ರಸ್ಟಿನಲ್ಲಿ ಕೆಲಸಕ್ಕಿದ್ದೇನೆ. ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದವರ ಹತ್ತಿರಕ್ಕೆ ಅದನ್ನು ಒಯ್ಯುವುದು ನಮ್ಮ ಉದ್ಯೋಗ. ಕೊಳ್ಳುವ ಶಕ್ತಿಯಿದ್ದವರು ಮನೆಯಲ್ಲೇ ಕಲಿತು ಮುಂದೆ ಹೋಗಿಬಿಡುತ್ತಾರೆ, ಇಲ್ಲದವರು ನಿಂತಲ್ಲೇ ನಿಲ್ಲುತ್ತಾರೆ. ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

ನಿಮ್ಮಲ್ಲಿಗೆ ಟೈಪಿಂಗ್ ಕಲಿಯಲು ಈಗ ಯಾರೂ ಬರುತ್ತಿಲ್ಲ, ಮಷೀನುಗಳಿಗೆಲ್ಲ ಬಟ್ಟೆ ಹೊದಿಸಿಟ್ಟಿದ್ದೀರಿ ಎಂದು ಅಕ್ಕ ಬರೆದಿದ್ದಳು. ಓದಿ ಬೇಸರವಾಯಿತು, ಜೊತೆಗೆ ಒಂದು ಆಸೆಯೂ ಹುಟ್ಟಿತು. ಆ ಟೈಪಿಂಗ್ ಹಾಲಿಗೆ ನಾಲ್ಕು ಕಂಪ್ಯೂಟರ್ ಕಳಿಸಿದರೆ ನಡೆಸಿಕೊಡುತ್ತೀರಾ? ನಿಮ್ಮ ಹಿಂದಿನ ಗಲ್ಲಿಯಲ್ಲಿ ಹೂ ಕಟ್ಟುವ ಹೆಂಗಸರು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಇದ್ದಾರಲ್ಲ, ಅವರಿಗಾಗಿ.

ಒಂದು ಷರತ್ತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾರ್ಚಿನಲ್ಲಿ ನಮ್ಮ ಅಧ್ಯಕ್ಷರಾದ ಚಂದ್ರಶೇಖರಯ್ಯನವರು ಖುದ್ದಾಗಿ ಬಂದು ನೋಡುತ್ತಾರೆ. ಅಂಥ ಜನ ಬಳಸುತ್ತಿಲ್ಲವೆಂದು ಕಂಡರೆ ಕಂಪ್ಯೂಟರುಗಳು ಗದಗಿನ ನೇಕಾರರ ಕಾಲೊನಿಗೆ ಹೋಗುತ್ತವೆ. ಅವರು ಎರಡು ವರ್ಷದಿಂದ ಕೇಳುತ್ತಿದ್ದಾರೆ.

ನಿಮ್ಮ ಶ್ರೀಮತಿ ಮಹಾನಂದಮ್ಮನವರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ಶಿವರಂಜಿನಿ


ಚಾಮರಾಜಪೇಟೆ, ಬೆಂಗಳೂರು
22 ಜುಲೈ 2002

ಚಿ. ಸೌ. ಶಿವರಂಜಿನಿಗೆ ಆಶೀರ್ವಾದಗಳು.

ನೆನಪಿಲ್ಲದೆ ಏನು? ನಿನ್ನ ಎಡಗೈ ಕಿರುಬೆರಳು ಸೋಮಾರಿ. ‘ಎ’ ಅಕ್ಷರ ಯಾವಾಗಲೂ ಮಸುಕಾಗಿ ಬೀಳುತ್ತಿತ್ತು.

ನಾಲ್ಕು ಯಂತ್ರಗಳೂ ಸುರಕ್ಷಿತವಾಗಿ ಬಂದಿವೆ. ವಿಭೂತಿ ಹಚ್ಚಿ, ಕಾಯಿ ಒಡೆದು ಆರಂಭ ಮಾಡಿದೆವು. ನೀನು ಕಳಿಸಿದ ಹತ್ತು ಸೂಚನೆಗಳ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಧೂಳು ಕೂರದಂತೆ ಗಾಜೂ ಇದೆ.

ಸೂಚನೆಗಳು ಚೆನ್ನಾಗಿವೆ. ಆದರೆ ಮೂವತ್ತೊಂದು ವರ್ಷ ಪರರ ಬೆರಳುಗಳನ್ನು ನೋಡಿಕೊಂಡು ಬಂದವನು ನಾನು, ಆದ್ದರಿಂದ ನನ್ನ ಕೆಲವು ಕ್ರಮಗಳನ್ನೂ ಸೇರಿಸಿದ್ದೇನೆ. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದೆ. ಹೆಸರು, ವಿಳಾಸ, ಬಂದ ವೇಳೆ ಬರೆದು, ಸಹಿ ಹಾಕಿಯೇ ಒಳಗೆ ಬರಬೇಕು. ಒಳಗೆ ಮಾತಿಲ್ಲ. ಮೊದಲ ಮೂರು ವಾರ ಬರೀ ಬೆರಳಿನ ಪಾಠ, ಅದರಲ್ಲಿ ತೇರ್ಗಡೆಯಾದವರಿಗೆ ಮುಂದಿನದು. ಕಾಲೇಜಿನಲ್ಲಿ ಕಲಿತು ಬಂದವರಿಗೆ ಮಾತ್ರ ವಿನಾಯಿತಿ. ನಮ್ಮ ಹಳೆಯ ಪದ್ಧತಿಯಂತೆ ಕೀಗಳ ಮೇಲಿನ ಅಕ್ಷರ ಕಾಣದ ಹಾಗೆ ಕಪ್ಪು ಟೇಪು ಅಂಟಿಸಿದ್ದೇನೆ. ಅಕ್ಷರ ಕಂಡರೆ ಕಣ್ಣು ಕೆಳಗಿಳಿಯುತ್ತದೆ. ಕಣ್ಣು ಕೆಳಗಿಳಿದವನಿಗೆ ಈ ಜನ್ಮದಲ್ಲಿ ಟೈಪಿಂಗ್ ಬರುವುದಿಲ್ಲ. ಇದನ್ನು ನಿನಗೆ ಹೇಳಬೇಕಾಗಿಲ್ಲ.

ಬೆಳಿಗ್ಗೆ ಎದ್ದು ಬಾಗಿಲು ತೆರೆಯಲು ಒಂದು ಕಾರಣವಿಲ್ಲದೆ ಎರಡು ವರ್ಷವೇ ಆಗಿತ್ತು. ಮತ್ತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದೇನೆ. ನಿನಗೆ ಒಳ್ಳೆಯದಾಗಲಿ.

ಗಂಗಾಧರಯ್ಯ


ಧಾರವಾಡ
6 ಆಗಸ್ಟ್ 2002

ಮೇಷ್ಟ್ರೇ,

ಕಪ್ಪು ಟೇಪಿನ ವಿಷಯ ಓದಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ನಿಮ್ಮ ತಮಾಷೆ ಹಾಗೇ ಇದೆ.

ಸೂಚನೆಗಳಲ್ಲಿ ಏಳನೆಯದನ್ನು ಮಾತ್ರ ಇನ್ನೊಮ್ಮೆ ನೋಡಿ. ಬಂದವರನ್ನು ‘ಏನು ಕಲಿಯುತ್ತೀರಿ’ ಎಂದು ಕೇಳಬಾರದು, ‘ಏನು ಕೆಲಸ ಆಗಬೇಕಿತ್ತು’ ಎಂದು ಕೇಳಬೇಕು. ಹತ್ತರಲ್ಲಿ ನಾನೇ ಬರೆದದ್ದು ಅದೊಂದೇ, ಉಳಿದದ್ದೆಲ್ಲ ಬೇರೆ ಕಡೆಯಿಂದ ಕಲೆಹಾಕಿದ್ದು.

ಹಾಗೆಯೇ, ಮನೆಯಲ್ಲೇ ಇಂಟರ್‌ನೆಟ್ ಇಟ್ಟುಕೊಂಡು ವರದಿಯನ್ನು ಅಂಚೆಯಲ್ಲಿ ಕಳಿಸುವ ಕೇಂದ್ರ ನಿಮ್ಮದೊಂದೇ. ಬಿಡಿ, ನಿಮ್ಮ ಅಕ್ಷರ ನೋಡಲು ನನಗೂ ಇಷ್ಟ.

ಶಿವರಂಜಿನಿ


ಚಾಮರಾಜಪೇಟೆ
3 ಅಕ್ಟೋಬರ್ 2002

ಚಿ. ಸೌ. ಶಿವರಂಜಿನಿಗೆ ಆಶೀರ್ವಾದಗಳು.

ಈ ದಿನಕ್ಕೆ ಪುಸ್ತಕದಲ್ಲಿ ನಾನೂರ ಹನ್ನೆರಡು ಸಹಿಗಳಾಗಿವೆ. ಕೆಲವು ಪುಟಗಳ ಜೆರಾಕ್ಸ್ ಲಗತ್ತಿಸಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೇ ಜಗಲಿಯ ಮೇಲೆ ಹುಡುಗರು ಕೂತಿರುತ್ತಾರೆ. ಹಿಂದೆ ಪರೀಕ್ಷೆಗೆ ಮುಂಚಿನ ವಾರ ಹಾಲ್ ಹೇಗೆ ತುಂಬುತ್ತಿತ್ತೋ ಈಗ ದಿನವೂ ಹಾಗೆ. ಮೊನ್ನೆ ಬೀದಿಯಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ, ‘ಏನ್ ಮೇಷ್ಟ್ರೇ, ಮತ್ತೆ ಪ್ರಾಯ ಬಂದಂಗಿದೆ’ ಎಂದರು.

ಟೇಪಿನ ವಿಷಯ ತಮಾಷೆಯಲ್ಲ. ನಿಜವಾಗಿಯೂ ಅಂಟಿಸಿದ್ದೇನೆ. ಹುಡುಗರು ಅದರ ಮೇಲೂ ಸಲೀಸಾಗಿ ಹೊಡೆಯುತ್ತಾರೆ.

ಗಂಗಾಧರಯ್ಯ


ಧಾರವಾಡ
21 ಅಕ್ಟೋಬರ್ 2002

ಮೇಷ್ಟ್ರೇ,

ನಿಮ್ಮ ಪತ್ರವನ್ನು ಮೊನ್ನೆ ಸಭೆಯಲ್ಲಿ ಓದಿದೆ. ನಾನೂರ ಹನ್ನೆರಡು ಎನ್ನುವಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ವಾರ್ಷಿಕ ವರದಿಯಲ್ಲಿ ನಿಮ್ಮ ಕೇಂದ್ರಕ್ಕೆ ಒಂದು ಇಡೀ ಪುಟ ಕೊಡಬೇಕೆಂದು ಅಧ್ಯಕ್ಷರು ಹೇಳಿದರು. ಬೇರೆ ಊರಿನವರಿಗೆ ಮಾದರಿಯಾಗಿ ತೋರಿಸುತ್ತಾರಂತೆ.

ಒಂದು ಸಣ್ಣ ಸಹಾಯ. ನೀವು ಕಳಿಸಿದ ಪುಟಗಳಲ್ಲಿ ಶಂಕರಪುರ, ಬಸವನಗುಡಿ, ವಿಶ್ವೇಶ್ವರಪುರಂ ವಿಳಾಸಗಳೇ ಕಂಡವು. ಹಿಂದಿನ ಗಲ್ಲಿಯವರ ಸಹಿಗಳು ಬೇರೆ ಪುಟಗಳಲ್ಲಿ ಇರಬೇಕು. ಅವರಲ್ಲಿ ಒಂದೈದು ಜನರ ಹೆಸರು, ಅವರೇನು ಕಲಿತರು ಎಂದು ನಾಲ್ಕು ಸಾಲು ಬರೆದು ಕಳಿಸಿ. ಅವಸರವೇನಿಲ್ಲ.

ಶಿವರಂಜಿನಿ


ಚಾಮರಾಜಪೇಟೆ
12 ನವೆಂಬರ್ 2002

ಚಿ. ಸೌ. ಶಿವರಂಜಿನಿಗೆ ಆಶೀರ್ವಾದಗಳು.

ನೀನು ಕೇಳಿದ ಹೆಸರುಗಳು ಸ್ವಲ್ಪ ತಡವಾಗುತ್ತವೆ. ರಾಜ್ಯೋತ್ಸವ, ದೀಪಾವಳಿ ಒಂದರ ಹಿಂದೊಂದು ಬಂದು ಹೂವಿನವರಿಗೆ ಉಸಿರಾಡಲೂ ಬಿಡುವಿರಲಿಲ್ಲ. ಗಲ್ಲಿಯಲ್ಲಿ ಎರಡು ಸಲ ಕರಪತ್ರ ಹಂಚಿಸಿದ್ದೇನೆ. ಅವರಿಗೆ ಆಸಕ್ತಿಯೇ ಕಡಿಮೆ ಎಂದು ನನ್ನ ಅಭಿಪ್ರಾಯ. ಕೈಹಿಡಿದು ಎಳೆದುಕೊಂಡು ಬರಲಾಗುವುದಿಲ್ಲವಲ್ಲ.

ಒಬ್ಬಳು ಬಂದಿದ್ದಳು. ವಿಶಾಲಾಕ್ಷಮ್ಮ ಎಂದು, ಐವತ್ತರ ಹತ್ತಿರ ಹತ್ತಿರ ವಯಸ್ಸು, ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾಳೆ. ಮದುವೆ ಛತ್ರದವರು ಹೂವಿನ ಕೆಲಸವನ್ನು ಟೈಪು ಮಾಡಿದ ಕೊಟೇಷನ್ ತಂದವರಿಗೇ ಒಪ್ಪಿಸುತ್ತಾರಂತೆ. ಹಾಗಾಗಿ ಇವಳು ಕಟ್ಟಿದ ಹಾರಗಳು ಇನ್ನೊಬ್ಬನ ಹೆಸರಿನಲ್ಲಿ ಛತ್ರಕ್ಕೆ ಹೋಗುತ್ತವಂತೆ. ಆ ಕಾಗದವನ್ನು ತಾನೇ ಮಾಡಿಕೊಳ್ಳುವುದನ್ನು ಕಲಿಯಬೇಕೆಂದು ಬಂದಳು. ಒಳ್ಳೆಯದೇ. ಪುಸ್ತಕದಲ್ಲಿ ವಿಳಾಸ ಬರೆದು ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡಳು, ಹಿಂದೆ ನಿಂತ ಹುಡುಗರು ಗಡಿಯಾರ ನೋಡಿಕೊಂಡರು. ಕೂರಿಸಿ ಬೆರಳಿನ ಪಾಠ ಶುರುಮಾಡಿಸಿದೆ. ಅವಳಿಗೆ ಒಂದೇ ಬೆರಳು ಓಡುತ್ತದೆ. ತೋರುಬೆರಳನ್ನು ಎತ್ತಿಕೊಂಡು ಕಪ್ಪು ಕೀಗಳ ಮೇಲೆ ಸುತ್ತಾಡಿಸುತ್ತಾಳೆ. ನಾನು ಹಿಂದೆ ನಿಂತು ಸಹಿಸಿಕೊಂಡು ನೋಡುತ್ತಿದ್ದೆ. ಹದಿನೈದು ನಿಮಿಷಕ್ಕೆ ಎದ್ದು ಎಲ್ಲರೆದುರು ಹೇಳಿದಳು:

“ಸ್ವಾಮಿ, ನೀವು ಹಿಂದೆ ನಿಂತ್ಕೊಂಡ್ರೆ ನನ್ ಕೈ ಓಡಲ್ಲ. ಒಂದ್ ಗಳಿಗೆ ಆಚೆ ಹೋಗ್ತೀರಾ?”

ನನ್ನ ಇನ್‌ಸ್ಟಿಟ್ಯೂಟಿನಿಂದ ನನ್ನನ್ನೇ! ನಾನು ಹೋಗಲಿಲ್ಲ. ಅವಳೇ ಹೋದಳು, ಮತ್ತೆ ಬರಲಿಲ್ಲ. ಇಂಥವರನ್ನು ಏನು ಮಾಡಬೇಕೆಂದು ನಿನ್ನ ಹತ್ತು ಸೂಚನೆಗಳಲ್ಲಿ ಹುಡುಕಿದೆ, ಎಲ್ಲೂ ಇಲ್ಲ.

ಗಂಗಾಧರಯ್ಯ


ಧಾರವಾಡ
2 ಡಿಸೆಂಬರ್ 2002

ಪೂಜ್ಯ ಮೇಷ್ಟ್ರಿಗೆ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ನಾಲ್ಕನೆಯದನ್ನು ಹರಿಯುವುದಿಲ್ಲವೆಂದು ತೀರ್ಮಾನಿಸಿ ಕೂತಿದ್ದೇನೆ. ನೀವು ಕೋಪಿಸಿಕೊಂಡರೆ ತಡೆದುಕೊಳ್ಳುತ್ತೇನೆ.

ನನ್ನ ಫಸ್ಟ್ ಕ್ಲಾಸಿನ ಬಗ್ಗೆ ನಿಮಗೆ ಹೇಳದ ಮಾತೊಂದಿದೆ. ಮೊದಲ ತಿಂಗಳು ನನ್ನ ಕೈಯಿಂದ ಒಂದು ಸಾಲೂ ನೆಟ್ಟಗೆ ಬೀಳುತ್ತಿರಲಿಲ್ಲ. ನೀವು ಒಂದು ದಿನವೂ ಬೈದವರಲ್ಲ. ಸುಮ್ಮನೆ ಬಂದು ಕುರ್ಚಿಯ ಹಿಂದೆ ನಿಲ್ಲುತ್ತಿದ್ದಿರಿ, ತಪ್ಪಾದಾಗ ಮೂಗಿನಿಂದ ಸಣ್ಣಗೆ ಉಸಿರು ಬಿಡುತ್ತಿದ್ದಿರಿ, ಅಷ್ಟೇ. ಆ ಉಸಿರು ಯಾವಾಗ ಬರುತ್ತದೋ ಎಂದು ಕಾಯುತ್ತ ನನ್ನ ಹತ್ತು ಬೆರಳೂ ನಿಂತುಹೋಗುತ್ತಿದ್ದವು. ಬಿಟ್ಟುಬಿಡುತ್ತೇನೆಂದು ಹೇಳಲು ಒಂದು ಮಧ್ಯಾಹ್ನ ಬಂದೆ. ನೀವು ಊಟ ಮುಗಿಸಿ ಮಹಡಿಯಲ್ಲಿ ಮಲಗಿದ್ದಿರಿ. ಮಹಾನಂದಮ್ಮ ಬಾಗಿಲು ತೆರೆದರು. ನನ್ನ ಮುಖ ನೋಡಿ ವಿಷಯ ಕೇಳಲೂ ಇಲ್ಲ.

“ಬಾ ಒಳಗೆ. ಅವ್ರು ಏಳೋದು ಒಂದೂವರೆಗೆ. ಅಷ್ಟ್ರಲ್ಲಿ ಎಷ್ಟ್ ತಪ್ಪು ಮಾಡ್ಬೇಕೋ ಮಾಡ್ಕೊಂಬಿಡು” ಅಂದರು.

ಹಾಲಿಗೆ ಹೋಗಿ ನೋಡಿದರೆ ಇನ್ನೂ ಐದು ಜನ ಹುಡುಗಿಯರು. ಸದ್ದು ಮೇಲಕ್ಕೆ ಹೋಗದಿರಲೆಂದು ಮಷೀನುಗಳ ಕೆಳಗೆ ಮಡಿಸಿದ ಕಂಬಳಿ. ಪ್ರತಿಯೊಬ್ಬರ ಪಕ್ಕದಲ್ಲೂ ಕೀಗಳ ಚಿತ್ರ ಬರೆದ ಒಂದು ರಟ್ಟು. ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುತ್ತ, ಮಾತಾಡುತ್ತ ಹೊಡೆಯುತ್ತಿದ್ದರು. ನಾನು ಕಲಿತದ್ದು ಆ ಒಂದು ಗಂಟೆಯಲ್ಲಿ. ಬೆಳಿಗ್ಗೆ ನಿಮಗೆ ತೋರಿಸುತ್ತಿದ್ದದ್ದು ಅದನ್ನೇ.

ಟೈಪಿಂಗ್ ಕಲಿಸಿದವರು ನೀವೇ, ಅದರಲ್ಲಿ ಎರಡು ಮಾತಿಲ್ಲ. ಯಾವ ಬೆರಳು ಎಲ್ಲಿ ಎಂದು ಹೇಳಿಕೊಟ್ಟವರು ನೀವು. ಆದರೆ ವಿಶಾಲಾಕ್ಷಮ್ಮ ಒರಟಾಗಿ ಮಾತಾಡಲಿಲ್ಲ ಮೇಷ್ಟ್ರೇ. ನಾವು ಯಾರೂ ಹೇಳದೆ ಉಳಿದದ್ದನ್ನು ಅವರು ಹೇಳಿದರು.

ಶಿವರಂಜಿನಿ


ಧಾರವಾಡ
9 ಜನವರಿ 2003

ಮೇಷ್ಟ್ರೇ,

ಐದು ವಾರವಾಯಿತು. ನಿಮ್ಮಿಂದ ಒಂದು ಕಾರ್ಡೂ ಇಲ್ಲ. ನಿಮಗೆ ಮೈ ಹುಷಾರಿಲ್ಲವೋ ಅಥವಾ ನನ್ನ ಮೇಲೆ ಬೇಜಾರೋ ತಿಳಿಯುತ್ತಿಲ್ಲ. ಬೇಜಾರೇ ಆಗಿರಲಿ ಎಂದುಕೊಂಡಿದ್ದೇನೆ.

ಅಧ್ಯಕ್ಷರು ಮಾರ್ಚ್ 12ಕ್ಕೆ ಬರುವುದು ಖಚಿತವಾಗಿದೆ. ಸಂಕ್ರಾಂತಿಯ ಎಳ್ಳು ಬೆಲ್ಲ ಇದರೊಳಗೆ ಹಾಕಲಾಗುವುದಿಲ್ಲ, ಮನಸ್ಸಿನಲ್ಲೇ ಕೊಟ್ಟಿದ್ದೇನೆ.

ಶಿವರಂಜಿನಿ


ಚಾಮರಾಜಪೇಟೆ
27 ಜನವರಿ 2003

ಚಿ. ಸೌ. ಶಿವರಂಜಿನಿಗೆ,

ಮೈ ಹುಷಾರಾಗಿಯೇ ಇತ್ತು. ಬೇಜಾರೇ.

ನಿನ್ನ ಪತ್ರ ಬಂದ ದಿನ ಮಹಾನಂದಳನ್ನು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಬೆಳಿಗ್ಗೆ ಹಾಲಿಗೆ ಹೋಗಿ ಎಂದಿನಂತೆ ಹುಡುಗರ ಹಿಂದೆ ನಿಲ್ಲುತ್ತಿದ್ದೆ. ನಿಂತಾಗ ನನ್ನ ಉಸಿರು ನನಗೇ ಕೇಳತೊಡಗಿತು. ಅದಕ್ಕಿಂತ ದೊಡ್ಡ ಶಿಕ್ಷೆ ನೀನು ಕೊಡಲು ಸಾಧ್ಯವಿರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಹೋಗಿ ಎದುರು ಕೂತು ಕೇಳಿದೆ, ಮಧ್ಯಾಹ್ನ ಹುಡುಗಿಯರು ಬರುತ್ತಿದ್ದದ್ದು ನಿಜವೇ ಎಂದು. ತಲೆ ಎತ್ತದೆ ಹೇಳಿದಳು:

“ಹೂಂ. ಇಪ್ಪತ್ ವರ್ಷ. ನೀವು ಮಲಗ್ತಿದ್ದ ಆ ಒಂದ್ ಗಂಟೇಲೇ ನಮ್ ಇನ್‌ಸ್ಟಿಟ್ಯೂಟ್ ನಡೀತಿದ್ದಿದ್ದು. ನಿಮಗೆ ಗೊತ್ತಿದ್ದೂ ಸುಮ್ನಿದೀರಿ ಅಂದ್ಕೊಂಡಿದ್ದೆ.”

ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ನಾನು ಬೋರ್ಡಿನ ಮೇಲೆ ಬರೆದ ಹೆಸರುಗಳಲ್ಲಿ ಎಷ್ಟು ನನ್ನವು, ಎಷ್ಟು ಅವಳವು ಎಂದು ಯೋಚಿಸುತ್ತ ಅರ್ಧ ಮೊರ ಅವರೆಕಾಯಿ ಸುಲಿದೆ. ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು, ಅವಳ ಮೇಲೆ ಹೇಳಲಾಗದಷ್ಟು ಹೆಮ್ಮೆಯೂ ಆಯಿತು.

ಇನ್ನೊಂದು ನಿಜ ಬಾಕಿಯಿದೆ. ಗಲ್ಲಿಯವರ ಪುಟಗಳು ಬೇರೆ ಇಲ್ಲ. ಆ ನಾನೂರ ಹನ್ನೆರಡರಲ್ಲಿ ವಿಶಾಲಾಕ್ಷಮ್ಮನ ಸಹಿ ಸೇರಿಲ್ಲ, ಅದು ಆಮೇಲೆ ಬಂದದ್ದು. ಅಷ್ಟೂ ಸಹಿ ಮನೆಯಲ್ಲಿ ಫೋನು ಇರುವವರದ್ದು, ಅರ್ಧಕ್ಕರ್ಧ ಜನರ ಮನೆಯಲ್ಲಿ ಕಂಪ್ಯೂಟರೂ ಇದೆ. ಇಲ್ಲಿ ಗೆಳೆಯರು ಸಿಗುತ್ತಾರೆಂದು ಬರುತ್ತಾರೆ. ನಿನಗೆ ಬರೆಯುವಾಗಲೂ ನನಗೆ ಇದು ಗೊತ್ತಿತ್ತು. ಹಾಲ್ ತುಂಬಿರುವುದನ್ನು ನೋಡಿ ಎಷ್ಟು ಕಾಲವಾಗಿತ್ತೆಂದರೆ, ಯಾರಿಂದ ತುಂಬಿದೆ ಎಂದು ಕೇಳಿಕೊಳ್ಳುವ ಮನಸ್ಸಾಗಲಿಲ್ಲ.

ಹೋದ ಸೋಮವಾರ ಗಲ್ಲಿಗೆ ನಾನೇ ಹೋದೆ. ವಿಶಾಲಾಕ್ಷಮ್ಮ ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ಮಾರ್ಕೆಟ್ಟಿನಿಂದ ಬಂದು ಸಾಯಂಕಾಲದ ಕೆಲಸ ಶುರುವಾಗುವ ತನಕ ಅವರಿಗೆಲ್ಲ ಮಧ್ಯಾಹ್ನ ಒಂದು ಗಂಟೆ ಹೊತ್ತು ಬಿಡುವಂತೆ. ಇದೂ ನನಗೆ ಗೊತ್ತಿರಲಿಲ್ಲ. ಹನ್ನೆರಡೂವರೆಯಿಂದ ಒಂದೂವರೆ ತನಕ ಹಾಲ್ ನಿಮ್ಮದು, ಸಹಿ ಬೇಡ, ಬೆರಳಿನ ಪಾಠ ಬೇಡ, ಮಹಾನಂದ ಇರುತ್ತಾಳೆ, ನಾನು ಒಳಗೆ ಕಾಲಿಡುವುದಿಲ್ಲ ಎಂದು ಮಾತು ಕೊಟ್ಟೆ. ಒಂದು ದಿನವೂ ಇಡುವುದಿಲ್ಲವೇ ಎಂದು ಕೇಳಿದಳು. ಒಂದು ದಿನವೂ ಇಲ್ಲ ಎಂದೆ. ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡುಮಾಡಿ, ನೋಡುತ್ತೇನೆ ಎಂದಳು.

ಟೇಪು ಕಿತ್ತಿದ್ದೇನೆ. ಮಹಾನಂದ ಕೀಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದಾಳೆ. ಎರಡು ದಿನವಾಯಿತು, ಮೂವರು ಬರುತ್ತಿದ್ದಾರೆ.

ಹಿಂದಿನ ಪತ್ರವನ್ನು ಸಭೆಯಲ್ಲಿ ಓದಿದೆಯಲ್ಲ, ಇದನ್ನೂ ಓದು. ಯಂತ್ರಗಳು ಗದಗಿಗೆ ಹೋದರೆ ಹೋಗಲಿ ಎಂದು ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಹೋಗಬಾರದು ಎಂದೇ ನನ್ನ ಆಸೆ. ಆದರೂ ಓದು.

ಗಂಗಾಧರಯ್ಯ


ಧಾರವಾಡ
14 ಫೆಬ್ರವರಿ 2003

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಪತ್ರ ನನ್ನ ಡ್ರಾಯರಿನಲ್ಲಿ ಎಂಟು ದಿನ ಇತ್ತು. ಆ ವಿಳಾಸಗಳನ್ನು ಅಕ್ಟೋಬರಿನಲ್ಲೇ ನೋಡಿದ್ದೆ, ನೋಡಿಯೂ ವಾರ್ಷಿಕ ವರದಿಯಲ್ಲಿ ನಾನೂರ ಹನ್ನೆರಡು ಎಂದು ನನ್ನ ಕೈಯಾರೆ ಬರೆದೆ. ನನ್ನ ಮೇಷ್ಟ್ರ ಕೇಂದ್ರ ಎಲ್ಲಕ್ಕಿಂತ ಮುಂದಿರಲಿ ಎಂಬ ಆಸೆ. ತಪ್ಪು ನಿಮ್ಮೊಬ್ಬರದೇ ಎಂದು ನೀವು ತಿಳಿದುಕೊಂಡಿರುವುದು ನನಗೆ ಸಂಕಟ.

ನಿನ್ನೆ ಓದಿದೆ. ಈ ಸಲ ಚಪ್ಪಾಳೆಯಿಲ್ಲ. ಅಧ್ಯಕ್ಷರು ಆ ಪುಟ ತೆಗೆಸಿಹಾಕಿ, ತಾವೇ ನೋಡಿ ತೀರ್ಮಾನಿಸುವುದಾಗಿ ಹೇಳಿದರು. ಸಿದ್ಧವಾಗಿರಿ ಎಂದು ಗದಗಿನವರಿಗೆ ಪತ್ರವೂ ಹೋಗಿದೆ.

ಅವರು ಹನ್ನೆರಡನೇ ತಾರೀಕು ಮಧ್ಯಾಹ್ನ ಹನ್ನೆರಡೂವರೆ ದಾಟಿ ನಿಮ್ಮಲ್ಲಿರುತ್ತಾರೆ. ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವವರಲ್ಲ. ಹೂವಿನವರು ಹೊಸಬರೆದುರು ಬಾಯಿ ಬಿಡದಿದ್ದರೆ ಎಲ್ಲ ಕೆಡುತ್ತದೆ. ದಯವಿಟ್ಟು ಆವತ್ತು ಒಂದು ದಿನ ನೀವು ಒಳಗಿದ್ದು ಅವರಿಗೆ ಎಲ್ಲವನ್ನೂ ವಿವರಿಸಿ. ಒಂದು ದಿನದ ಮಟ್ಟಿಗೆ ವಿಶಾಲಾಕ್ಷಮ್ಮ ಬೇಡವೆನ್ನಲಾರರು.

ಶಿವರಂಜಿನಿ


ಚಾಮರಾಜಪೇಟೆ
13 ಮಾರ್ಚ್ 2003

ಚಿ. ಸೌ. ಶಿವರಂಜಿನಿಗೆ ಆಶೀರ್ವಾದಗಳು.

ನೀನು ಹೇಳಿದ ಹಾಗೆ ಮಾಡಲಿಲ್ಲ. ಮಾಡಬೇಕೆಂದೇ ಇದ್ದೆ. ಇಸ್ತ್ರಿ ಅಂಗಿ ಹಾಕಿಕೊಂಡು, ಹೇಳಬೇಕಾದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೊಸಿಲ ತನಕ ಹೋದೆ. ಒಳಗೆ ಏಳು ಜನ ಇದ್ದರು. ಏನೋ ಮಾತಾಡಿಕೊಂಡು ನಗುತ್ತಿದ್ದರು. ನಾನು ಕಾಲಿಟ್ಟರೆ ಆ ನಗು ನಿಲ್ಲುತ್ತದೆ ಎಂದು ಗೊತ್ತಾಯಿತು. ತಿರುಗಿ ಬಂದು ಜಗಲಿಯ ಮೇಲೆ ಕೂತೆ.

ಹನ್ನೆರಡು ನಲವತ್ತಕ್ಕೆ ನಿಮ್ಮ ಅಧ್ಯಕ್ಷರು ಆಟೋದಿಂದ ಇಳಿದರು. ಒಳಗೆ ಹೋಗೋಣ, ನಡೆಸುವವರು ನೀವೇ ತೋರಿಸಿ ಎಂದರು. ಒಂದೂವರೆ ತನಕ ನಾನು ಒಳಗೆ ಹೋಗುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ, ನೀವು ಹೋಗಿ ಬನ್ನಿ ಎಂದೆ. ಅವರು ಬಾಗಿಲ ಮೇಲಿನ ಬೋರ್ಡನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

“ಜಾಗಾ ನಿಮ್ಮದ ಅಲ್ಲೇನ್ರಿ?”

“ಈ ಹೊತ್ತಿನಲ್ಲಿ ಅಲ್ಲ” ಎಂದೆ.

ಹೋದರು. ಅರವತ್ತೇಳನೇ ವಯಸ್ಸಿನಲ್ಲಿ ಫಲಿತಾಂಶಕ್ಕೆ ಕಾದು ಕೂತಿದ್ದೆ. ಒಳಗೆ ನಗು ನಿಂತಿತು. ಎಲ್ಲ ಮುಗಿಯಿತು ಎಂದುಕೊಂಡೆ. ಐದು ನಿಮಿಷವೂ ಆಗಿರಲಿಲ್ಲ, ಅವರು ಹೊರಗೆ ಬಂದು ಚಪ್ಪಲಿ ಕೂಡ ಮೆಟ್ಟದೆ ನನ್ನ ಪಕ್ಕ ಕೂತರು.

“ಹೊರಗ ಹಾಕಿದ್ರರೀ” ಅಂದರು. “ಹಿಂದ ನಿಂದರಬ್ಯಾಡ್ರಿ, ಕೈ ಓಡಂಗಿಲ್ಲ ಅಂದ್ರು ಆ ಹೂವಿನವರು.”

ಸ್ವಲ್ಪ ಹೊತ್ತಿಗೆ ಒಳಗೆ ಮತ್ತೆ ಮಾತು ಶುರುವಾಯಿತು, ಕೀಗಳ ಸದ್ದೂ ಶುರುವಾಯಿತು. ಒಂದೊಂದೇ ಬೆರಳಿನ ಸದ್ದು, ಕೇಳಿದರೆ ನನಗೆ ಗೊತ್ತಾಗುತ್ತದೆ. ಮೂವತ್ತೊಂದು ವರ್ಷ ಅದನ್ನು ತಪ್ಪಿಸಲು ಹೆಣಗಿದವನು ನಿನ್ನೆ ಅದು ನಿಲ್ಲದಿರಲಿ ಎಂದು ಕೂತಿದ್ದೆ. ನಿಮ್ಮ ಅಧ್ಯಕ್ಷರು ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವವರಲ್ಲವೆಂದು ನೀನು ಬರೆದಿದ್ದೆ, ಅವರು ಗಡಿಯಾರ ನೋಡಲೇ ಇಲ್ಲ. ಮಹಾನಂದ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟು ಹೋದಳು.

ಒಂದೂವರೆಗೆ ವಿಶಾಲಾಕ್ಷಮ್ಮ ಒಂದು ಕಾಗದ ಹಿಡಿದುಕೊಂಡು ಬಂದಳು. ಮುಹೂರ್ತದ ಹಾರ ಇಷ್ಟು, ಮಂಟಪಕ್ಕೆ ಸೇವಂತಿಗೆ ಇಷ್ಟು, ಕೆಳಗೆ ಅವಳ ಹೆಸರು. ಸಾಲುಗಳು ಒಂದರ ಕೆಳಗೊಂದು ಸರಿಯಾಗಿ ಕೂತಿರಲಿಲ್ಲ. ಪರೀಕ್ಷೆಯಾಗಿದ್ದರೆ ನಾನೇ ಫೇಲು ಮಾಡುತ್ತಿದ್ದೆ. ನನಗೆ ತೋರಿಸುತ್ತಾಳೆಂದು ಕೈ ಚಾಚಿದೆ, ಅವಳು ಅಧ್ಯಕ್ಷರ ಕೈಗೆ ಕೊಟ್ಟಳು. ನಿಮ್ಮ ಕಡೆ ಛತ್ರದವರು ಯಾರಾದರೂ ಪರಿಚಯವಿದ್ದರೆ ಕೊಡಿ ಎಂದು ಹೇಳಿ, ಸಾಯಂಕಾಲದ ಹೂವಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಅವರು ಅದನ್ನು ಎರಡು ಸಲ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಗದಗಿಗೆ ಬೇರೆ ನಾಲ್ಕು ಮಷೀನು ಹುಡುಕಬೇಕಾಯಿತಲ್ಲ ಎಂದು ನನಗೋ ತಮಗೋ ಹೇಳಿಕೊಂಡು ಆಟೋ ಹತ್ತಿದರು.

ಎಷ್ಟು ಸಂತೋಷವಾಯಿತೆಂದು ನಿನಗೆ ಬರೆಯುವುದೇನಿದೆ. ಕಣ್ಣೊರೆಸಿಕೊಂಡು ಕೂತಿದ್ದಾಗ ಮಹಾನಂದ ಬಾಗಿಲಿಗೆ ಬಂದಳು. “ಒಂದೂವರೆ ಆಯ್ತು, ಬನ್ನಿ ಒಳಗೆ” ಎಂದಳು. ಎದ್ದು ಹೊಸಿಲ ತನಕ ಹೋಗಿ ನೋಡಿದೆ. ಮೂಲೆಯ ಮಷೀನಿನಲ್ಲಿ ಇನ್ನೂ ಇಬ್ಬರ ಕೆಲಸ ಮುಗಿದಿರಲಿಲ್ಲ. ವಾಪಸು ಬಂದು ಜಗಲಿಯ ಮೇಲೇ ಕೂತುಕೊಂಡೆ.

ಗಂಗಾಧರಯ್ಯ